ಅಕ್ಷರ ಅದೇ, ಓದು ಬೇರೆ

ಚಿಕ್ಕಮ್ಮನಿಗೆ ಎಂಡಿಎಸ್ ಅಂತ ಗೊತ್ತಾದ ದಿನ ಅವರು ಕೇಳಿದ್ದು ಎರಡೇ ಪ್ರಶ್ನೆ. "ನಮ್ಮ ಮನೆತನದಲ್ಲಿ ಯಾರಿಗೂ ಇದು ಇರಲಿಲ್ಲ, ನನಗೆ ಎಲ್ಲಿಂದ ಬಂತು?" ಅನ್ನುವುದು ಮೊದಲನೆಯದು. ಸ್ವಲ್ಪ ಹೊತ್ತು ಬಿಟ್ಟು, ಇನ್ನೂ ಮೆಲ್ಲಗೆ, "ಮಕ್ಕಳಿಗೂ ಬರುತ್ತಾ?" ಅಂದರು. ಎರಡಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ಅವರ ಕೈ ಹಿಡಿದುಕೊಂಡು ಕೂತೆ.

ಎಂಡಿಎಸ್ ಅಂದರೆ ಮೈಲೋಡಿಸ್ಪ್ಲಾಸ್ಟಿಕ್ ಸಿಂಡ್ರೋಮ್, ರಕ್ತದ ಕ್ಯಾನ್ಸರಿನ ಒಂದು ಬಗೆ. ಮೂಳೆಯೊಳಗಿನ ಮಜ್ಜೆ ರಕ್ತಕಣಗಳನ್ನು ಮಾಡುತ್ತಲೇ ಇರುತ್ತದೆ, ಆದರೆ ಅವು ಸರಿಯಾಗಿ ಬಲಿಯುವುದಿಲ್ಲ, ಅರ್ಧಕ್ಕೇ ಸತ್ತುಹೋಗುತ್ತವೆ. ಸುಸ್ತು, ರಕ್ತ ಕಡಿಮೆ, ಪದೇ ಪದೇ ಸೋಂಕು. ಕೆಲವರಲ್ಲಿ ಮುಂದೆ ಅದು ಲುಕೇಮಿಯಾ ಆಗುತ್ತದೆ. ಹೆಚ್ಚಾಗಿ ಅರವತ್ತು ದಾಟಿದವರಿಗೆ ಬರುವ ಕಾಯಿಲೆ. ಡಾಕ್ಟರು ಬರೆದುಕೊಟ್ಟ ಔಷಧಿಯ ಹೆಸರು ಅಜಾಸಿಟಿಡಿನ್. "ಇದು ಮಾಮೂಲಿ ಕೀಮೋ ಥರ ಅಲ್ಲ, ಮುಚ್ಚಿಹೋಗಿರುವ ಜೀನ್‌ಗಳನ್ನು ತೆರೆಸುತ್ತದೆ" ಅಂತ ಒಂದೇ ಮಾತು ಹೇಳಿದರು. ಹೊರಗೆ ಸಾಲು ಉದ್ದ ಇತ್ತು, ನಾವು ಎದ್ದು ಬಂದೆವು. ಆ ಒಂದು ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಜೀನ್ ಮುಚ್ಚಿಹೋಗುವುದು ಅಂದರೇನು? ಮುಚ್ಚಿದ್ದು ಯಾರು? ಮುಚ್ಚಿದ್ದನ್ನು ತೆರೆಯಬಹುದು ಅಂತಾದರೆ, ಮುಚ್ಚದ ಹಾಗೆ ನೋಡಿಕೊಳ್ಳಬಹುದಿತ್ತಾ?

ಆಮೇಲೆ ಅವರಿಗೆ ಇಂಜೆಕ್ಷನ್ ಕೊಡಿಸಲು ಕೂತ ದಿನಗಳಲ್ಲೆಲ್ಲ ನಾನು ಇದನ್ನೇ ಓದಿದೆ. ಓದಿದ್ದರಲ್ಲಿ ನನಗೆ ತಲೆಗೆ ಹತ್ತಿದ್ದು ಇದು.

ನಮ್ಮ ಮೈಯ ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲೂ ಇರುವುದು ಒಂದೇ ಬರಹ. ಸುಮಾರು 300 ಕೋಟಿ ಅಕ್ಷರಗಳ ಡಿಎನ್ಎ, ಅದೂ ಎರಡು ಪ್ರತಿ, ಒಂದು ತಂದೆಯಿಂದ, ಒಂದು ತಾಯಿಯಿಂದ. ಬಿಡಿಸಿ ಎಳೆದರೆ ಒಂದು ಕೋಶದೊಳಗಿನ ದಾರವೇ ಎರಡು ಮೀಟರಿನಷ್ಟು ಉದ್ದ. ಕಣ್ಣಿನ ಕೋಶದಲ್ಲೂ ಅದೇ ಬರಹ, ಪಿತ್ತಜನಕಾಂಗದ ಕೋಶದಲ್ಲೂ ಅದೇ. ಹಾಗಿದ್ದರೆ ಕಣ್ಣು ಕಣ್ಣಾಗಿ, ಪಿತ್ತಜನಕಾಂಗ ಪಿತ್ತಜನಕಾಂಗವಾಗಿ ಉಳಿಯುವುದು ಹೇಗೆ? ಓದುವುದರಲ್ಲಿ ವ್ಯತ್ಯಾಸ. ಪ್ರೋಟೀನ್ ಮಾಡುವ ಸೂಚನೆ ಬರೆದಿರುವ ಸುಮಾರು 20,000 ಜೀನ್‌ಗಳಲ್ಲಿ ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಅಂತ ಬರಹದ ಮೇಲೆ ಗುರುತು ಹಾಕಿರುತ್ತದೆ.

ಕನ್ನಡ ಓದುವವರಿಗೆ ಇದನ್ನು ವಿವರಿಸುವುದು ನಿಜಕ್ಕೂ ಸುಲಭ. ನಮ್ಮ 'ಕ' ಇದೆಯಲ್ಲ, ಅದರ ಮೇಲೆ ಒಂದು ಪುಟ್ಟ ಗುರುತು ಹಾಕಿದರೆ 'ಕ್' ಆಗುತ್ತದೆ. ಅಕ್ಷರ ಹೋಗಲಿಲ್ಲ, ಬೇರೆ ಅಕ್ಷರ ಬಂದು ಕೂರಲಿಲ್ಲ. ಒಳಗಿನ ದನಿ ಮಾತ್ರ ಅಡಗಿತು. ಡಿಎನ್ಎಯ ನಾಲ್ಕು ಅಕ್ಷರಗಳಲ್ಲಿ 'ಸಿ' ಅನ್ನುವುದರ ಮೇಲೆ ಹೀಗೇ ಒಂದು ಗುರುತು ಬೀಳುತ್ತದೆ, ಒಂದು ಇಂಗಾಲ ಮತ್ತು ಮೂರು ಜಲಜನಕದ ಪುಟ್ಟ ತುಣುಕು, ಮೀಥೈಲ್ ಅನ್ನುತ್ತಾರೆ. ಜೀನ್ ಶುರುವಾಗುವ ಜಾಗದಲ್ಲಿ ಇಂಥ ಗುರುತು ಗುಂಪಾಗಿ ಬಿದ್ದರೆ ಆ ಜೀನ್ ದನಿ ಕಳೆದುಕೊಳ್ಳುತ್ತದೆ. ಇದು ಒಂದು ಬಗೆ. ಇನ್ನೊಂದು ಬಗೆ, ದಾರ ಸುತ್ತಿಕೊಂಡಿರುವ ಹಿಸ್ಟೋನ್ ಅನ್ನುವ ಉಂಡೆಗಳ ಮೇಲೆ ಬೀಳುವ ಗುರುತು. ಅದರ ಪ್ರಕಾರ ಸುತ್ತು ಬಿಗಿಯಾಗುತ್ತದೆ ಅಥವಾ ಸಡಿಲವಾಗುತ್ತದೆ. ಬಿಗಿಯಾಗಿ ಸುತ್ತಿದ್ದನ್ನು ಓದಲು ಆಗುವುದಿಲ್ಲ, ಅಷ್ಟೇ. ಇದೆಲ್ಲಕ್ಕೂ ಸೇರಿ ಎಪಿಜೆನೆಟಿಕ್ಸ್ ಅನ್ನುವ ಹೆಸರು. ಆ ಪದವನ್ನು ಬ್ರಿಟನ್ನಿನ ಜೀವವಿಜ್ಞಾನಿ ಕಾನ್ರಾಡ್ ವ್ಯಾಡಿಂಗ್ಟನ್ 1942ರಲ್ಲೇ ಹುಟ್ಟುಹಾಕಿದ್ದರು, ಆಗಿನ್ನೂ ಡಿಎನ್ಎಯ ಆಕಾರವೇ ಗೊತ್ತಿರಲಿಲ್ಲ.

ಒಂದು ಮಾತು ಇಲ್ಲಿ ಮುಖ್ಯ, ಮುಂದೆ ಬೇಕಾಗುತ್ತದೆ. ಕೋಶ ಎರಡಾಗುವಾಗ ಅಕ್ಷರಗಳ ಜೊತೆಗೆ ಗುರುತುಗಳೂ ನಕಲಾಗುತ್ತವೆ. ಹಳೆಯ ಎಳೆಯಲ್ಲಿ ಎಲ್ಲೆಲ್ಲಿ ಮೀಥೈಲ್ ಇದೆಯೋ ನೋಡಿಕೊಂಡು ಹೊಸ ಎಳೆಯಲ್ಲೂ ಹಾಕುವುದಕ್ಕೆಂದೇ ಒಂದು ಕಿಣ್ವ ಇದೆ. ಹಾಗಾಗಿ ತಪ್ಪು ಜಾಗದಲ್ಲಿ ಒಮ್ಮೆ ಗುರುತು ಬಿದ್ದರೆ ಅದು ಆ ಕೋಶದ ಮಕ್ಕಳು ಮೊಮ್ಮಕ್ಕಳಿಗೂ ದಾಟುತ್ತಾ ಹೋಗುತ್ತದೆ.

ಕ್ಯಾನ್ಸರ್ ಅಂದರೆ ಅಕ್ಷರದೋಷ ಅಂತಲೇ ನಾವು ಬಹಳ ಕಾಲ ಕೇಳಿಕೊಂಡು ಬಂದದ್ದು. ಹೊಗೆಯೋ ಬಿಸಿಲೋ ವಯಸ್ಸೋ ಡಿಎನ್ಎಯ ಅಕ್ಷರ ಕೆಡಿಸಿತು, ಕೋಶ ಹದ್ದು ಮೀರಿ ಬೆಳೆಯಿತು. ಅದು ಸುಳ್ಳಲ್ಲ. ಆದರೆ 1983ರಲ್ಲಿ ಆಂಡ್ರ್ಯೂ ಫೈನ್‌ಬರ್ಗ್ ಮತ್ತು ಬರ್ಟ್ ವೋಗೆಲ್‌ಸ್ಟೈನ್ ಗಡ್ಡೆಯ ಡಿಎನ್ಎಯನ್ನೂ ಅದೇ ರೋಗಿಯ ಆರೋಗ್ಯವಂತ ಭಾಗದ ಡಿಎನ್ಎಯನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಗುರುತುಗಳೇ ಬೇರೆಯಾಗಿದ್ದವು. ಗಡ್ಡೆಯಲ್ಲಿ ಮೀಥೈಲ್ ಕಡಿಮೆ ಇತ್ತು. ಆಮೇಲಿನ ವರ್ಷಗಳಲ್ಲಿ ಇದಕ್ಕೆ ತಿರುಗುಮುರುಗು ಅನ್ನಿಸುವಂಥದ್ದೂ ಸಿಕ್ಕಿತು. ಒಟ್ಟಾರೆ ಗುರುತುಗಳು ಕಡಿಮೆಯಾಗಿರುವ ಅದೇ ಕೋಶದಲ್ಲಿ, ಗಡ್ಡೆಯನ್ನು ತಡೆಯಬೇಕಾದ ಕೆಲವು ಜೀನ್‌ಗಳ ಬಾಗಿಲಲ್ಲಿ ಮಾತ್ರ ಗುರುತುಗಳು ಕಿಕ್ಕಿರಿದು ಕೂತಿವೆ. ಎಚ್ಚರವಾಗಿರಬೇಕಾದವರು ನಿದ್ದೆ ಹೋಗಿದ್ದಾರೆ, ಮಲಗಿರಬೇಕಾದವರು ಎದ್ದು ಓಡಾಡುತ್ತಿದ್ದಾರೆ.

ನನ್ನನ್ನು ಜಾಸ್ತಿ ಕಾಡಿದ ಉದಾಹರಣೆ ಎಂಎಲ್ಎಚ್1 ಅನ್ನುವ ಜೀನ್. ಇದರ ಕೆಲಸ ಕರಡು ತಿದ್ದುವುದು. ಡಿಎನ್ಎ ನಕಲಾಗುವಾಗ ಆಗುವ ತಪ್ಪುಗಳನ್ನು ಹುಡುಕಿ ಸರಿಪಡಿಸುವ ತಂಡದಲ್ಲಿ ಇದೊಂದು. ಕೆಲವು ಕುಟುಂಬಗಳಲ್ಲಿ ಈ ಜೀನಿನ ಅಕ್ಷರವೇ ಕೆಟ್ಟಿರುತ್ತದೆ, ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಅದು ಲಿಂಚ್ ಸಿಂಡ್ರೋಮಿನ ಒಂದು ಕಾರಣ, ಆ ಮನೆಗಳಲ್ಲಿ ಕರುಳಿನ ಕ್ಯಾನ್ಸರ್ ಚಿಕ್ಕ ವಯಸ್ಸಿಗೇ ಕಾಣಿಸಿಕೊಳ್ಳುತ್ತದೆ. ಆದರೆ ಈ ತಿದ್ದುವ ಕೆಲಸ ನಿಂತುಹೋದ ಕರುಳಿನ ಗಡ್ಡೆಗಳನ್ನೆಲ್ಲ ನೋಡಿದರೆ, ಬಹುಪಾಲಿನಲ್ಲಿ ಅಕ್ಷರ ನೆಟ್ಟಗಿದೆ, ಮೇಲಿನ ಗುರುತು ಮಾತ್ರ ಅದನ್ನು ಮುಚ್ಚಿದೆ. ಕರಡು ತಿದ್ದುವವರ ಬಾಯಿಗೆ ಬಟ್ಟೆ ಕಟ್ಟಿದ ಮೇಲೆ ಏನಾಗುತ್ತದೆ? ತಪ್ಪುಗಳು ಸಾವಿರಗಟ್ಟಲೆ ಉಳಿದುಕೊಳ್ಳುತ್ತವೆ. ಅಂದರೆ ನಾವು ನೋಡುವ ಆ ಅಕ್ಷರದೋಷಗಳ ರಾಶಿಗೆ ಮೂಲ ಒಂದು ಗುರುತು.

ಇದು ಓದುವುದಕ್ಕೆ ಚೆನ್ನಾಗಿದೆ ಅಂತ ಮಾತ್ರ ಹೇಳುತ್ತಿಲ್ಲ. ಗಡ್ಡೆಯಲ್ಲಿ ಎಂಎಲ್ಎಚ್1 ಕಾಣೆಯಾಗಿದೆ ಅಂತ ಬಂದಾಗ, ಅದರ ಮೇಲೆ ಮೀಥೈಲ್ ಗುರುತು ಇದೆಯಾ ಅಂತ ಮತ್ತೊಂದು ಪರೀಕ್ಷೆ ಮಾಡುತ್ತಾರೆ. ಗುರುತು ಸಿಕ್ಕರೆ ಅದು ಆ ವ್ಯಕ್ತಿಯ ಆಯಸ್ಸಿನಲ್ಲಿ ಆದದ್ದು, ವಂಶದಿಂದ ಬಂದಿರುವ ಸಾಧ್ಯತೆ ಬಹಳ ಕಡಿಮೆ. ಸಿಗದಿದ್ದರೆ ಅಣ್ಣ ತಮ್ಮ ಅಕ್ಕ ತಂಗಿ ಮಕ್ಕಳು ಎಲ್ಲರೂ ಪರೀಕ್ಷೆಯ ಬಗ್ಗೆ ಯೋಚಿಸಬೇಕಾಗಬಹುದು. "ಮಕ್ಕಳಿಗೂ ಬರುತ್ತಾ?" ಅನ್ನುವ ಪ್ರಶ್ನೆಗೆ ಒಂದು ಗುರುತು ಉತ್ತರ ಕೊಡುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ದಯವಿಟ್ಟು ಇದನ್ನು ಡಾಕ್ಟರ ಹತ್ತಿರ ಕೇಳಿ.

ಹಾಗಾದರೆ ಅಕ್ಷರ ಒಂದೂ ಕೆಡದೆ, ಬರೀ ಗುರುತಿನಿಂದಲೇ ಕ್ಯಾನ್ಸರ್ ಆಗಬಹುದಾ? 2024ರಲ್ಲಿ ಫ್ರಾನ್ಸಿನ ಮಾಂಪೆಲಿಯೇಯ ಸಂಶೋಧಕರು ಹಣ್ಣಿನ ನೊಣದ ಮರಿಗಳಲ್ಲಿ, ಜೀನ್‌ಗಳನ್ನು ಮುಚ್ಚಿಡುವ ಪಾಲಿಕೋಂಬ್ ಅನ್ನುವ ಪ್ರೋಟೀನ್‌ಗಳನ್ನು ಸ್ವಲ್ಪ ಹೊತ್ತು ಮಾತ್ರ ಕಡಿಮೆ ಮಾಡಿ ನೋಡಿದರು. ಆಮೇಲೆ ಮತ್ತೆ ಮೊದಲಿನ ಮಟ್ಟಕ್ಕೆ ತಂದರು. ಆದರೂ ಗಡ್ಡೆ ಬಂತು, ನಿಲ್ಲಲಿಲ್ಲ, ಮತ್ತು ಅದನ್ನು ಹುಟ್ಟಿಸುವಂಥ ಅಕ್ಷರದೋಷ ಯಾವುದೂ ಸಿಗಲಿಲ್ಲ. ನೊಣ ನೊಣವೇ, ಮನುಷ್ಯ ಮನುಷ್ಯನೇ, ಇದನ್ನು ಹಾಗೇ ನಮ್ಮ ಮೇಲೆ ಹೊರಿಸಬಾರದು. ಆದರೆ ಚಿಕ್ಕ ಮಕ್ಕಳ ಕೆಲವು ಮೆದುಳಿನ ಗಡ್ಡೆಗಳಲ್ಲೂ ಅಕ್ಷರದೋಷ ತೀರಾ ಕಡಿಮೆ, ಗುರುತುಗಳು ಮಾತ್ರ ಪೂರ್ತಿ ಅಸ್ತವ್ಯಸ್ತ. ಇನ್ನೂ ಬದುಕನ್ನೇ ಶುರು ಮಾಡದ ಮಗುವಿಗೆ ಕ್ಯಾನ್ಸರ್ ಹೇಗೆ ಅಂತ ಕೇಳುವ ತಂದೆತಾಯಿಗೆ, ಉತ್ತರದ ಒಂದು ತುದಿಯಾದರೂ ಇಲ್ಲಿ ಸಿಗಬಹುದು ಅಂತ ನನಗೆ ಅನ್ನಿಸುತ್ತದೆ.

ದೊಡ್ಡವರಲ್ಲಿ ಅಕ್ಷರ ಮತ್ತು ಗುರುತು ಒಂದಕ್ಕೊಂದು ಹೆಣೆದುಕೊಂಡೇ ಇರುತ್ತವೆ. ಚಿಕ್ಕಮ್ಮನ ಕಾಯಿಲೆಯೇ ಅದಕ್ಕೆ ಒಳ್ಳೆಯ ಉದಾಹರಣೆ. ಎಂಡಿಎಸ್‌ನಲ್ಲಿ ಮತ್ತೆ ಮತ್ತೆ ಕೆಡುವ ಜೀನ್‌ಗಳಲ್ಲಿ ಡಿಎನ್ಎಂಟಿ3ಎ ಮತ್ತು ಟಿಇಟಿ2 ಸೇರಿವೆ. ಒಂದು ಮೀಥೈಲ್ ಗುರುತು ಹಾಕುವ ಜೀನ್, ಇನ್ನೊಂದು ಅಳಿಸುವ ಜೀನ್. ಅಂದರೆ ಅಕ್ಷರದೋಷ ಬಿದ್ದಿರುವುದು ಗುರುತು ಹಾಕುವವರ ಮನೆಯಲ್ಲೇ! ವಯಸ್ಸಾಗುತ್ತಾ ಹೋದ ಹಾಗೆ ಮಜ್ಜೆಯಲ್ಲಿ ಇಂಥ ಒಂದು ಕೋಶ ತನ್ನ ಪಾಡಿಗೆ ತಾನು ಸಂಸಾರ ಬೆಳೆಸಿಕೊಳ್ಳುತ್ತದೆ. 70 ದಾಟಿದವರಲ್ಲಿ ಹತ್ತಕ್ಕೆ ಒಬ್ಬರಲ್ಲಾದರೂ ಇದು ಕಾಣುತ್ತದೆ ಅಂತ 2014ರ ದೊಡ್ಡ ಅಧ್ಯಯನಗಳು ತೋರಿಸಿದವು. ಅವರಲ್ಲಿ ಬಹಳ ಜನಕ್ಕೆ ಏನೂ ಆಗುವುದಿಲ್ಲ. ಕೆಲವರಿಗೆ ಆಗುತ್ತದೆ.

ಇದು ಗೊತ್ತಾದ ದಿನ ನಾನು ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದೆ. "ನೀವು ಏನೂ ತಪ್ಪು ಮಾಡಿಲ್ಲ ಚಿಕ್ಕಮ್ಮ. ವಯಸ್ಸಾದ ಹಾಗೆ ಕೂದಲು ನೆರೆಯುತ್ತಲ್ಲ, ಹಾಗೇ ಒಳಗೂ ಸಣ್ಣ ಸಣ್ಣ ಬದಲಾವಣೆ ಆಗುತ್ತವೆ. ನಿಮ್ಮದು ಸ್ವಲ್ಪ ಮುಂದಕ್ಕೆ ಹೋಗಿದೆ. ಬಹುಪಾಲು ಎಂಡಿಎಸ್ ಮಕ್ಕಳಿಗೆ ದಾಟುವುದಿಲ್ಲವಂತೆ, ನಿಮ್ಮ ರಿಪೋರ್ಟಿನಲ್ಲೂ ಅಂಥದ್ದೇನೂ ಇಲ್ಲ ಅಂದಿದ್ದಾರೆ ಡಾಕ್ಟರು." ಆ ಕಡೆಯಿಂದ ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ "ಸರಿ ಕಂದಾ" ಅಂದರು.

ಈಗ ಆ ಔಷಧಿಯ ಕತೆ. ಅಜಾಸಿಟಿಡಿನ್ ಅನ್ನು ಮೊದಲು ತಯಾರಿಸಿದ್ದು ಪ್ರಾಗ್‌ನಲ್ಲಿ, 1960ರ ದಶಕದಲ್ಲಿ, ಸಾಧಾರಣ ಕೀಮೋ ಥರ ಕೋಶಗಳನ್ನು ಕೊಲ್ಲಲಿ ಅಂತ. ಜಾಸ್ತಿ ಪ್ರಮಾಣದಲ್ಲಿ ಕೊಟ್ಟು ನೋಡಿದರು, ರೋಗಿಗಳಿಗೆ ತಡೆಯಲಾಗಲಿಲ್ಲ. ಅಷ್ಟರಲ್ಲಿ ಪೀಟರ್ ಜೋನ್ಸ್ ಮತ್ತು ಶರ್ಲಿ ಟೇಲರ್ ಪ್ರಯೋಗಶಾಲೆಯಲ್ಲಿ ಇಲಿಯ ಕೋಶಗಳಿಗೆ ಇದನ್ನು ಸ್ವಲ್ಪವೇ ಹಾಕಿದಾಗ ಯಾರೂ ಎಣಿಸದ್ದು ಆಯಿತು. ಕೋಶಗಳು ಸಾಯಲಿಲ್ಲ, ಬದಲಿಗೆ ಸ್ನಾಯುಗಳಾಗಿ ಮಿಡಿಯತೊಡಗಿದವು! 1980ರಲ್ಲಿ ಅವರು ಕಾರಣ ಹೇಳಿದರು. ಈ ಔಷಧಿ ನೋಡುವುದಕ್ಕೆ 'ಸಿ' ಅಕ್ಷರದ ಹಾಗೇ ಇದೆ, ಡಿಎನ್ಎಯೊಳಗೆ ಸೇರಿಕೊಳ್ಳುತ್ತದೆ. ಗುರುತು ಹಾಕಲು ಬರುವ ಕಿಣ್ವ ಅದಕ್ಕೆ ಅಂಟಿಕೊಂಡು ಬಿಡಿಸಿಕೊಳ್ಳಲಾರದೆ ಹೋಗುತ್ತದೆ. ಹೊಸ ಎಳೆಗೆ ಗುರುತು ದಾಟುವುದಿಲ್ಲ. ಮುಚ್ಚಿದ್ದ ಜೀನ್‌ಗೆ ಮತ್ತೆ ದನಿ ಬರುತ್ತದೆ. ಇಷ್ಟು ಗೊತ್ತಾದ ಮೇಲೂ ಕಡಿಮೆ ಪ್ರಮಾಣದಲ್ಲಿ ಕೊಡುವುದನ್ನು ಕಲಿತು, ಎಂಡಿಎಸ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಗುವಷ್ಟರಲ್ಲಿ 2004 ಆಗಿತ್ತು. ಪ್ರಾಗ್‌ನಿಂದ ಲೆಕ್ಕ ಹಾಕಿದರೆ ಸುಮಾರು ನಲವತ್ತು ವರ್ಷ. ಜಾಸ್ತಿ ಕೊಟ್ಟರೆ ವಿಷ, ಕಡಿಮೆ ಕೊಟ್ಟರೆ ಮದ್ದು ಅನ್ನುವ ಒಂದು ವಿಷಯ ತಿಳಿಯುವುದಕ್ಕೆ ಎಷ್ಟು ಜನ ಎಷ್ಟು ತಾಳ್ಮೆಯಿಂದ ಕಾದಿದ್ದಾರೆ ಅಂತ ನೆನೆದರೆ ನನಗೆ ಗಂಟಲು ಕಟ್ಟುತ್ತದೆ.

ನಾವೂ ಕಾದೆವು. ತಿಂಗಳಿಗೆ ಏಳು ದಿನ ಚರ್ಮದ ಕೆಳಗೆ ಇಂಜೆಕ್ಷನ್, ಅದು ಒಂದು ಸುತ್ತು. ಮೊದಲ ತಿಂಗಳು ಏನೂ ಆಗಲಿಲ್ಲ, ಎರಡನೇ ತಿಂಗಳು ಕಣಗಳು ಇನ್ನೂ ಇಳಿದವು. ಮನೆಯವರೆಲ್ಲ "ಇದು ಕೆಲಸ ಮಾಡುತ್ತಿಲ್ಲ, ನಿಲ್ಲಿಸೋಣ" ಅನ್ನತೊಡಗಿದರು. ಆಗ ನಾನು ಓದಿದ್ದು ಕೈಹಿಡಿಯಿತು. ಈ ಔಷಧಿ ಬೀಗ ಒಡೆಯುವುದಿಲ್ಲ. ಕೋಶ ಎರಡಾಗಬೇಕು, ಮತ್ತೆ ಎರಡಾಗಬೇಕು, ಪ್ರತಿ ಸಲವೂ ಗುರುತು ಸ್ವಲ್ಪ ಸ್ವಲ್ಪ ತೆಳುವಾಗಬೇಕು. ಹಾಗಾಗಿ ನಾಲ್ಕರಿಂದ ಆರು ಸುತ್ತು ಆಗುವ ತನಕ ಫಲ ಇಲ್ಲ ಅಂತ ತೀರ್ಮಾನಿಸಬಾರದು ಅಂತ ಡಾಕ್ಟರುಗಳು ಹೇಳುತ್ತಾರೆ. ಇದನ್ನು ಮೊದಲ ದಿನವೇ ನಮಗೆ ಕೂರಿಸಿ ಹೇಳಿದ್ದರೆ ಆ ಎರಡು ತಿಂಗಳ ಸಂಕಟ ಅರ್ಧ ಕಡಿಮೆಯಾಗುತ್ತಿತ್ತು.

ಈ ಬಗೆಯ ಔಷಧಿ ಇನ್ನೊಂದು ದಾರಿಯಲ್ಲೂ ಕೆಲಸ ಮಾಡುತ್ತದೆ ಅಂತ 2015ರಲ್ಲಿ ಎರಡು ತಂಡಗಳು ಪ್ರಕಟಿಸಿದವು. ನಮ್ಮ ಡಿಎನ್ಎಯಲ್ಲಿ ಶೇಕಡ 8ರಷ್ಟು, ಲಕ್ಷಾಂತರ, ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಜರ ಮೈ ಹೊಕ್ಕ ವೈರಸ್‌ಗಳ ಅವಶೇಷ. ಗುರುತು ಹಾಕಿ ಅವನ್ನು ಮಲಗಿಸಿಡಲಾಗಿದೆ. ಗುರುತು ತೆಗೆದಾಗ ಅವುಗಳಲ್ಲಿ ಕೆಲವು ಏಳುತ್ತವೆ. ಕ್ಯಾನ್ಸರ್ ಕೋಶ ವೈರಸ್ ತಗುಲಿದ ಕೋಶದ ಹಾಗೆ ಕೂಗಿಕೊಳ್ಳುತ್ತದೆ, ರೋಗನಿರೋಧಕ ವ್ಯವಸ್ಥೆ ತಿರುಗಿ ನೋಡುತ್ತದೆ. ಓದುತ್ತಾ ಮೈ ಜುಮ್ಮೆಂದಿತು.

ತಡೆಯುವ ವಿಷಯಕ್ಕೆ ಬರೋಣ. ಇಲ್ಲಿ ಎಚ್ಚರಿಕೆಯಿಂದ ಮಾತಾಡಬೇಕು, ಏಕೆಂದರೆ ಎಪಿಜೆನೆಟಿಕ್ಸ್ ಹೆಸರು ಹೇಳಿಕೊಂಡು ಏನೇನೋ ಮಾರುವವರು ಈಗ ತುಂಬ ಜನ. "ನಿಮ್ಮ ಯೋಚನೆಯಿಂದ ಜೀನ್ ಬದಲಿಸಿಕೊಳ್ಳಿ", "ಈ ಪುಡಿ ಕುಡಿದರೆ ಕ್ಯಾನ್ಸರ್ ಜೀನ್ ಮುಚ್ಚಿಕೊಳ್ಳುತ್ತೆ". ನನಗೆ ಇದನ್ನು ನೋಡಿದರೆ ಸಿಟ್ಟು ಬರುತ್ತದೆ. ಯೋಚನೆಯಿಂದ ವಾಸಿಯಾಗುತ್ತದೆ ಅಂದರೆ, ವಾಸಿಯಾಗದವರು ಸರಿಯಾಗಿ ಯೋಚಿಸಲಿಲ್ಲ ಅಂತ ಅರ್ಥ ಬರುತ್ತದಲ್ವಾ? ಕಾಯಿಲೆ ಬಿದ್ದವರ ಮೇಲೆ ಇದಕ್ಕಿಂತ ಕ್ರೂರವಾದ ಭಾರ ಇನ್ನೊಂದಿಲ್ಲ.

ಫೋಲಿಕ್ ಆಮ್ಲದ ಕತೆ ಕೇಳಿ. ಮೀಥೈಲ್ ಗುರುತಿಗೆ ಬೇಕಾದ ಸಾಮಗ್ರಿ ಒದಗಿಸುವುದರಲ್ಲಿ ಫೋಲೇಟ್ ಪಾತ್ರ ದೊಡ್ಡದು. ಹಾಗಾದರೆ ಜಾಸ್ತಿ ಫೋಲಿಕ್ ಆಮ್ಲ ಕೊಟ್ಟರೆ ಕರುಳಿನ ಕ್ಯಾನ್ಸರ್ ತಡೆಯಬಹುದು ಅನ್ನುವುದು ಕೇಳಲು ಎಷ್ಟು ಸರಿಯಾಗಿದೆ! ಕರುಳಿನ ಪಾಲಿಪ್, ಅಂದರೆ ಒಳಗೋಡೆಯಲ್ಲಿ ಬೆಳೆಯುವ ಪುಟ್ಟ ಗಂಟು, ತೆಗೆಸಿಕೊಂಡ ಸಾವಿರ ಜನರ ಮೇಲೆ ಪರೀಕ್ಷಿಸಿದರು, ಅರ್ಧ ಜನಕ್ಕೆ ದಿನಕ್ಕೆ 1 ಮಿಲಿಗ್ರಾಂ ಮಾತ್ರೆ. 2007ರಲ್ಲಿ ಫಲಿತಾಂಶ ಬಂತು. ಪಾಲಿಪ್ ಮತ್ತೆ ಬರುವುದು ಕಡಿಮೆಯಾಗಲಿಲ್ಲ. ಮಾತ್ರೆ ತೆಗೆದುಕೊಂಡವರಲ್ಲಿ ಸ್ವಲ್ಪ ಜಾಸ್ತಿಯೇ ಆಗಿರಬಹುದು ಅನ್ನುವ ಸುಳಿವೂ ಸಿಕ್ಕಿತು. ಗುರುತು ಯಾವ ಜೀನ್ ಮೇಲೆ ಬೀಳಬೇಕು ಅಂತ ಮಾತ್ರೆಗೆ ಗೊತ್ತಿರುವುದಿಲ್ಲ. (ಬಸಿರಿನಲ್ಲಿ ಫೋಲಿಕ್ ಆಮ್ಲ ಬೇರೆಯೇ ವಿಷಯ. ಮಗುವಿನ ಬೆನ್ನುಹುರಿಗೆ ಅದು ಬೇಕೇ ಬೇಕು, ಇದನ್ನು ಓದಿ ಯಾರೂ ನಿಲ್ಲಿಸಬೇಡಿ.)

ಗಟ್ಟಿಯಾಗಿ ಹೇಳಬಹುದಾದದ್ದು ಹಳೆಯ ಮಾತುಗಳನ್ನೇ. ಆದರೆ ಅವುಗಳ ಹಿಂದಿನ ಕಾರಣ ಈಗ ಜಾಸ್ತಿ ಸ್ಪಷ್ಟವಾಗಿದೆ. ಹೊಟ್ಟೆಯಲ್ಲಿ ಸೇರಿಕೊಳ್ಳುವ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಉರಿಯೂತ ಮಾಡುತ್ತದೆ, ಆ ಉರಿಯೂತ ಹೊಟ್ಟೆಯ ಒಳಪದರದ ಕೋಶಗಳ ಮೇಲೆ ತಪ್ಪು ಗುರುತುಗಳನ್ನು ಹಾಕುತ್ತಾ ಹೋಗುತ್ತದೆ. ಗಡ್ಡೆ ಕಾಣಿಸುವುದಕ್ಕೆ ಎಷ್ಟೋ ಮೊದಲೇ ನೆಲ ಹದವಾಗಿರುತ್ತದೆ. ಜಪಾನಿನ ಸಂಶೋಧಕರು ಪ್ರಾಣಿಗಳಲ್ಲಿ ಬ್ಯಾಕ್ಟೀರಿಯಾವನ್ನು ಹಾಗೇ ಬಿಟ್ಟು ಉರಿಯೂತವನ್ನು ಮಾತ್ರ ಅಡಗಿಸಿದಾಗ ಗುರುತು ಬೀಳುವುದು ಬಹುಮಟ್ಟಿಗೆ ನಿಂತಿತು. ಮನುಷ್ಯರಲ್ಲಿ ಔಷಧಿ ಕೊಟ್ಟು ಬ್ಯಾಕ್ಟೀರಿಯಾ ತೆಗೆದರೆ ಗುರುತುಗಳು ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಬೇಗ ತೆಗೆಸಿಕೊಂಡಷ್ಟೂ ಒಳ್ಳೆಯದು.

ಸಿಗರೇಟಿನದೂ ಹೀಗೇ. 2016ರಲ್ಲಿ ಸುಮಾರು 16,000 ಜನರ ರಕ್ತ ಪರೀಕ್ಷಿಸಿದ ಅಧ್ಯಯನವೊಂದು ಬಂತು. ಸೇದುವವರಲ್ಲಿ 7,000ಕ್ಕೂ ಹೆಚ್ಚು ಜೀನ್‌ಗಳ ಹತ್ತಿರ ಗುರುತುಗಳು ಬದಲಾಗಿದ್ದವು. ಬಿಟ್ಟವರಲ್ಲಿ ಬಹುಪಾಲು ಗುರುತುಗಳು ಐದು ವರ್ಷದೊಳಗೆ, ಎಂದೂ ಸೇದದವರ ಮಟ್ಟಕ್ಕೆ ಮರಳಿದ್ದವು. ಕೆಲವು ಮಾತ್ರ ಮೂವತ್ತು ವರ್ಷ ಕಳೆದರೂ ಹಾಗೇ ಇದ್ದವು. ಈ ಎರಡೂ ವಾಕ್ಯಗಳನ್ನು ಜೊತೆಯಲ್ಲೇ ಹೇಳಬೇಕು ಅಂತ ನನ್ನ ಅಭಿಪ್ರಾಯ. ಮೊದಲನೆಯದನ್ನು ಮಾತ್ರ ಹೇಳಿದರೆ ಜನ ನಾಳೆ ಬಿಟ್ಟರಾಯಿತು ಅಂದುಕೊಳ್ಳುತ್ತಾರೆ, ಎರಡನೆಯದನ್ನು ಮಾತ್ರ ಹೇಳಿದರೆ ಇನ್ನೇನು ಬಿಟ್ಟು ಪ್ರಯೋಜನ ಅಂತ ಕೈಚೆಲ್ಲುತ್ತಾರೆ.

ಗುರುತುಗಳಿಂದ ಇನ್ನೊಂದು ಉಪಕಾರ ಇದೆ. ಗಡ್ಡೆಯಿಂದ ಡಿಎನ್ಎಯ ಚೂರುಗಳು ರಕ್ತಕ್ಕೂ ಮಲಕ್ಕೂ ಸೇರುತ್ತವೆ. ಅಕ್ಷರ ಎಲ್ಲ ಕೋಶದಲ್ಲೂ ಒಂದೇ ಆದ್ದರಿಂದ ಚೂರು ಯಾವ ಅಂಗದ್ದು ಅಂತ ಅಕ್ಷರ ನೋಡಿ ಹೇಳುವುದು ಕಷ್ಟ, ಗುರುತು ನೋಡಿ ಹೇಳಬಹುದು. ಮಲದಲ್ಲಿ ಇಂಥ ಗುರುತು ಹುಡುಕುವ ಕರುಳಿನ ಕ್ಯಾನ್ಸರ್ ಪರೀಕ್ಷೆಗೆ 2014ರಲ್ಲಿ, ರಕ್ತದಲ್ಲಿ ಹುಡುಕುವ ಒಂದಕ್ಕೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಒಂದೇ ರಕ್ತದ ಮಾದರಿಯಲ್ಲಿ ಹತ್ತಾರು ಬಗೆಯ ಕ್ಯಾನ್ಸರ್ ಹುಡುಕುವ ಪ್ರಯತ್ನಗಳೂ ನಡೆದಿವೆ. ಅವುಗಳಿಂದ ಜೀವ ಉಳಿಯುತ್ತದೆ ಅಂತ ತೋರಿಸುವ ತನಕ ನಾನಂತೂ ಹಳೆಯ ಸ್ಕ್ರೀನಿಂಗ್‌ಗಳನ್ನು ಬಿಡುವುದಿಲ್ಲ.

ಐದನೇ ಸುತ್ತಿನ ಹೊತ್ತಿಗೆ ಚಿಕ್ಕಮ್ಮನಿಗೆ ರಕ್ತ ಹಾಕಿಸುವ ದಿನಗಳು ದೂರ ದೂರ ಆದವು. ಹತ್ತು ದಿನಕ್ಕೊಮ್ಮೆ ಇದ್ದದ್ದು ತಿಂಗಳಿಗಾಯಿತು, ಆಮೇಲೆ ಬೇಡವೇ ಆಯಿತು. ಇದು ಕಾಯಿಲೆಯನ್ನು ಬೇರಿನಿಂದ ಕೀಳುವ ಔಷಧಿ ಅಲ್ಲ. ನಿಲ್ಲಿಸಿದರೆ ಗುರುತುಗಳು ಮರಳುತ್ತವೆ, ನಿಲ್ಲಿಸದಿದ್ದರೂ ಒಂದು ದಿನ ಮರಳಬಹುದು. ಅವರಿಗೂ ಅದು ಗೊತ್ತು. ಈಗ ಇಪ್ಪತ್ತೆರಡನೇ ಸುತ್ತು ನಡೆಯುತ್ತಿದೆ.

ಅವರ ಜೊತೆ ದಿನಾ ಬಂದು ಕೂರುವ ಚಿಕ್ಕಪ್ಪ ಮೂವತ್ತು ವರ್ಷ ಸಿಗರೇಟು ಸೇದಿದವರು. ಚಿಕ್ಕಮ್ಮನಿಗೆ ಸುಸ್ತು ಶುರುವಾದ ವರ್ಷ ಬಿಟ್ಟರು. ಹೋದ ವಾರ ನಾನು ಆ 16,000 ಜನರ ಅಧ್ಯಯನದ ಬಗ್ಗೆ ಹೇಳಿದಾಗ ಅವರು ಬೆರಳು ಮಡಚಿ ಎಣಿಸಿದರು. "ಐದು ವರ್ಷ ಆಗೋಕೆ ಇನ್ನೂ ಹದಿನಾಲ್ಕು ತಿಂಗಳು ಇದೆ" ಅಂದರು. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ, "ಅಷ್ಟು ಹೊತ್ತಿಗೆ ನನ್ನ ಎಷ್ಟನೇ ಸುತ್ತು ಆಗಿರುತ್ತೆ ನೋಡು" ಅಂದರು. ಮೂವತ್ತಾರು ಅಂತ ಲೆಕ್ಕ ಹಾಕಿ ಹೇಳಿದೆ.